ಸಾಮಗ್ರಿ ವಿಭಾಗದ ಕಡತದಲ್ಲಿ ಫ್ರೆಂಚ್ ಮೇಡಂ

ಆ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷ ಫ್ರೆಂಚ್ ಕಲಿಸಿದ ಅವರನ್ನು ಎಲ್ಲರೂ ಫ್ರೆಂಚ್ ಮೇಡಂ ಎಂದೇ ಕರೆಯುತ್ತಿದ್ದರು. ಕೂರಲು ಅವರಿಗೊಂದು ಮೇಜಿರಲಿಲ್ಲ. ಝೆರಾಕ್ಸ್ ಯಂತ್ರದ ಪಕ್ಕದ ಕಿಟಕಿಕಟ್ಟೆಯ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ಪಾಠ ಮಾಡಿದ ಗಂಟೆಗಷ್ಟೇ ಸಂಬಳ. ಮನೆಯಲ್ಲಿ ಅಕ್ಕ ಗೊಣಗಿದರೆ, "ಇವತ್ತಲ್ಲ ನಾಳೆ ಕಾಯಂ ಆಗುತ್ತೆ ಬಿಡಕ್ಕ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಜಾರಿ ಬಿದ್ದು ಅವರ ಬಲಗೈ ಮುರಿಯಿತು. ಇತಿಹಾಸದ ಮೇಷ್ಟ್ರು ಕ್ಯಾಂಪಸ್ ಆಸ್ಪತ್ರೆಗೆ ಕರೆದೊಯ್ದರು. ಹಿಂದಿನ ವರ್ಷ ಅದೇ ಮೆಟ್ಟಿಲಲ್ಲಿ ಬಿದ್ದಿದ್ದ ಮೇಷ್ಟ್ರಿಗೆ ಆರು ವಾರ ಸಂಬಳಸಹಿತ ರಜೆ ಸಿಕ್ಕಿತ್ತು.

ನರ್ಸ್ ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದಳು. "ಸಿಬ್ಬಂದಿ ಪಟ್ಟೀಲಿ ನಿಮ್ಮ ಹೆಸರೇ ಇಲ್ವಲ್ಲ ಮೇಡಂ!"

ಹೊರಗಿನ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮರುದಿನ ಸಿಬ್ಬಂದಿ ವಿಭಾಗದ ಕಚೇರಿಗೆ ಹೋಗಿ ವಿಚಾರಿಸಿದರು.

"ನೀವು ನಮ್ಮಲ್ಲಿ ಬರಲ್ಲ, ಸಾಮಗ್ರಿ ವಿಭಾಗದಲ್ಲಿ ಕೇಳಿ," ಎಂದ ಗುಮಾಸ್ತ.

"ನಾನೇನು ಕುರ್ಚಿಯೇನ್ರೀ?"

ಗುಮಾಸ್ತ ನಗಲಿಲ್ಲ. ಸಾಮಗ್ರಿ ವಿಭಾಗದವರು ಕಡತ ತೆರೆದು ತೋರಿಸಿದರು. ಲಿಫ್ಟ್ ದುರಸ್ತಿ ಮತ್ತು ನೀರಿನ ಫಿಲ್ಟರಿನ ನಡುವೆ ಒಂದು ಸಾಲು: 'ಭಾಷಾ ಬೋಧನೆ, ಗಂಟೆ ಲೆಕ್ಕದ ಪೂರೈಕೆ, ಹನ್ನೆರಡು.' ಹೆಸರುಗಳೇ ಇರಲಿಲ್ಲ. ಮೇಡಂ ಎಡಗೈಯಲ್ಲೇ ಫೋನ್ ಹಿಡಿದು ಅದರ ಫೋಟೋ ತೆಗೆದುಕೊಂಡರು.

ಸಂಜೆ ಆ ಪುಟದ ಫೋಟೋವನ್ನು ಉಳಿದ ಹನ್ನೊಂದು ಭಾಷಾ ಶಿಕ್ಷಕರಿಗೆ ತೋರಿಸಿದರು. ಜರ್ಮನ್ ಕಲಿಸುವಾಕೆ ಮೊದಲು ಜೋರಾಗಿ ನಕ್ಕಳು. ಆಮೇಲೆ ಅಳು ತಡೆಯಲಾರದೆ ಎದ್ದು ಹೊರಗೆ ಹೋದಳು. ಮರುದಿನ ಹನ್ನೆರಡೂ ಜನ ಕುಲಸಚಿವರ ಕೊಠಡಿಗೆ ನುಗ್ಗಿದರು.

"ಅದು ಬರೀ ಕಾಗದಪತ್ರದ ಅನುಕೂಲಕ್ಕಮ್ಮ..." ಎಂದರು ಕುಲಸಚಿವರು.

"ಸರ್, ನಿಮ್ಮ ಮಗಳು ಎರಡು ವರ್ಷ ನನ್ನ ಕ್ಲಾಸಲ್ಲಿದ್ದಳು. ಅವಳಿಗೆ ಪಾಠ ಹೇಳಿದ್ದು ಯಾರು, ಫಿಲ್ಟರಾ?" ಎಂದರು ಫ್ರೆಂಚ್ ಮೇಡಂ.

ಕುಲಸಚಿವರು ಕಡತ ತರಿಸಿ ತಾವೇ ಓದಿದರು. ಅವರ ಮುಖ ಸಪ್ಪಗಾಯಿತು. ಹನ್ನೆರಡೂ ಜನರನ್ನು ಸಿಬ್ಬಂದಿ ಪಟ್ಟಿಗೆ ಸೇರಿಸಲು ಒಪ್ಪಿದರು.

ತಿಂಗಳ ನಂತರ ಹೊಸ ಸಿಬ್ಬಂದಿ ಪಟ್ಟಿ ಬಂತು. ಅದರಲ್ಲಿ ಹನ್ನೊಂದೇ ಹೆಸರುಗಳಿದ್ದವು. ಫ್ರೆಂಚ್ ಮೇಡಂ ಹೆಸರು ಕಾಣಲಿಲ್ಲ. ಕಚೇರಿಯಲ್ಲಿ ಕೇಳಿದರೆ, "ಕೈ ಮುರಿದಿದೆಯಲ್ಲ, ವಿಶ್ರಾಂತಿ ತಗೊಳ್ಳಲಿ ಅಂತ" ಎಂಬ ಉತ್ತರ.

ಅಂದು ಯಾವ ಭಾಷೆಯ ಪಾಠವೂ ನಡೆಯಲಿಲ್ಲ. ಹನ್ನೊಂದು ಜನರೂ ಕಾರಿಡಾರಿನಲ್ಲೇ ಕುಳಿತರು. ವಿದ್ಯಾರ್ಥಿಗಳೂ ಬಂದು ಜೊತೆಗೆ ಕುಳಿತರು. ಮೂರನೇ ದಿನ ಹನ್ನೆರಡನೇ ಹೆಸರು ಸೇರಿತು. ಆಸ್ಪತ್ರೆಯ ಕಾರ್ಡೂ ಬಂತು.

ಕಾರ್ಡು ನೋಡಿ ಅಕ್ಕ ಹಿಗ್ಗಿದರು. ಮೇಡಂ ಮಾತ್ರ ಅದನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ವರ್ಷ ನಾನು ಯಾರು ಅಂದ್ಕೊಂಡು ಆ ಗೇಟು ದಾಟ್ತಿದ್ದೆ, ಅಕ್ಕಾ?"