ಕರುವಿನ ಮಾನ ಕಾಯ್ದ ಮುನಿಯಕ್ಕ

ಮುನಿಯಕ್ಕ ಸಗಣಿಯನ್ನು ಬರಿಗೈಯಲ್ಲಿ ಎತ್ತಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿ ಕರುವಿನ ಹೊಟ್ಟೆಯ ಸುದ್ದಿ ಹೇಳುತ್ತಿದ್ದಳು. ಅದೇ ಸುದ್ದಿಗೆ ನನಗೆ ಕೈಗವಸು, ಸೂಕ್ಷ್ಮದರ್ಶಕ ಮತ್ತು ಎರಡು ದಿನ ಬೇಕಾಗುತ್ತಿತ್ತು. "ನಿನ್ ಮಿಸನ್ನು ಇನ್ನೂ ಎದ್ದಿಲ್ವೇನವ್ವ?" ಎಂದು ನನ್ನ ಯಂತ್ರವನ್ನು ಛೇಡಿಸುತ್ತಿದ್ದಳು.

ತೊಂಬತ್ತರ ದಶಕದ ಕೊನೆ. ದೊಡ್ಡನೆಕ್ಕುಂದಿಯ ಸಣ್ಣ ಪ್ರಯೋಗಾಲಯವೊಂದರಲ್ಲಿ, ಕರುಗಳ ಕರುಳಲ್ಲಿ ಬೆಳೆಯುವ ಒಂದು ಪರಾವಲಂಬಿಯ ಬಗೆಗಳನ್ನು ಗುರುತಿಸುವುದು ನನ್ನ ಕೆಲಸ. ಕಣ್ಣಿಗೆ ಎಲ್ಲವೂ ಒಂದೇ ಥರದ ದುಂಡು ಚುಕ್ಕೆ. ಡಿಎನ್‌ಎ ತೆಗೆದು ನೋಡಿದರೆ ಮಾತ್ರ ಬೇರೆ ಬೇರೆ. "ಉಳಕ್ಕೂ ಜಾತಿ ಕೇಳ್ತೀಯಲ್ಲವ್ವ!" ಎಂದು ಮುನಿಯಕ್ಕ ನಗುತ್ತಿದ್ದಳು. ಕಾಡುಗೋಡಿ ಸ್ಟೇಷನ್ ಹಿಂದಿನ ಬಾಡಿಗೆ ರೂಮುಗಳ ಸಾಲಿನ ತುದಿಯಲ್ಲಿ ಅವಳ ಕೊಟ್ಟಿಗೆ. ಎರಡು ಹಸು ಮತ್ತು ಕೆಂಪಿ, ಗೌರಿ ಎಂಬ ಎರಡು ಕರು. ಸಗಣಿಗಾಗಿ ವಾರಕ್ಕೊಮ್ಮೆ ಹೋಗುತ್ತಿದ್ದೆ.

ಒಮ್ಮೆ ಅವಳು ತುಂಬಿಟ್ಟಿದ್ದ ಎರಡು ಡಬ್ಬಿಗಳಲ್ಲೂ ಒಂದೇ ಥರದ ಸಗಣಿ. ಕೇಳಿದರೆ ಮುಖ ತಿರುಗಿಸಿದಳು. "ಕೆಂಪಿಗೆ ಭೇದಿ ಕಣವ್ವ. ಅಂತಾದ್ನ ಓದ್ದೋರ್ ಮುಂದೆ ಇಡಕ್ಕಾಯ್ತದಾ? ಗೌರಿದೇ ಎಲ್ಡಕ್ಕೂ ತುಂಬ್ದೆ." ಹೆಣ್ಣು ನೋಡಲು ಬಂದವರೆದುರು ಮಗಳ ಕುಂದು ಮುಚ್ಚಿಡುವ ತಾಯಿಯಂತೆ ನಿಂತಿದ್ದಳು. ನನಗೆ ಬೇಕಾದದ್ದೇ ಆ ಭೇದಿ ಎಂದು ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು.

ಆ ಭೇದಿಯಲ್ಲಿ ಪರಾವಲಂಬಿ ಸಿಕ್ಕಿತು. ಅದೇ ವಾರ ಪಕ್ಕದ ರೂಮಿನ ಮಗುವಿಗೂ ಭೇದಿ ಹಿಡಿಯಿತು. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದಿದ್ದ ಶರಣಮ್ಮನ ಕೂಸು ಅದು. ಸಾಲಿನವರೆಲ್ಲ ಕೆಂಪಿಯತ್ತ ಬೆರಳು ತೋರಿಸಿದರು. "ಕರಕ್ಕೇನ್ ಗೊತ್ತಾಗ್ತದ್ರೀ ಪಾಪ" ಎಂದು ಶರಣಮ್ಮ ಸುಮ್ಮನಾದಳು. ಆದರೆ ಮುನಿಯಕ್ಕ ತಾನೇ ಹೆದರಿದಳು. ದಿನವೂ ಎತ್ತಿಕೊಂಡು ತಿರುಗುತ್ತಿದ್ದ ಕೂಸನ್ನು ಮುಟ್ಟುವುದನ್ನೇ ಬಿಟ್ಟಳು. "ಕೂಸಿಂದೂ ತಗೊಂಡೋಗಿ ನೋಡವ್ವ. ಕೆಂಪಿದೇ ಅಂದ್ರೆ ಮುಚ್ಚಿಡ್ಬೇಡ" ಎಂದಳು.

ಶರಣಮ್ಮ ಒಪ್ಪಿ ಮಾದರಿ ಕೊಟ್ಟಳು. ಹತ್ತು ದಿನಕ್ಕೆ ಉತ್ತರ ಬಂತು. ಎರಡೂ ಬೇರೆ ಬೇರೆ. ಮಗುವಿನದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಬಗೆ. ಆಗಲೇ ಓಡಿಹೋಗಿ ಹೇಳಬೇಕಿತ್ತು. ಆದರೆ ಡಿಎನ್‌ಎ ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಬಂದರೆ ವರದಿಗೆ ಚೆಂದ ಎಂದು ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತ ವಾರ ಕಳೆದೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹೋದಾಗ ಮಗು ಚೇತರಿಸಿಕೊಂಡಿತ್ತು. ಆದರೆ ಕೊಟ್ಟಿಗೆಯಲ್ಲಿ ಕೆಂಪಿಯೂ ಇಲ್ಲ, ಅದರ ತಾಯಿಯೂ ಇಲ್ಲ. ನಾಲ್ಕು ದಿನದ ಹಿಂದಷ್ಟೇ ಚಂದಾಪುರದ ನಾದಿನಿಯ ಮನೆಗೆ ಕಳಿಸಿದ್ದಳಂತೆ. ನಾನು ವಿಷಯ ಹೇಳಿದೆ. ಮುನಿಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೂಸ್ಗೆ ಕಾಯ್ಲೆ ತಂದಿರೋ ಕರ, ದೂರ ಕಟ್ಟಿ ಅಂತ ನಾನೇ ಯೋಳ್ಕಳ್ಸಿವ್ನಿ. ನನ್ ಬಾಯಿಂದ್ಲೇ ಅಂದ್ಬಿಟ್ನಲ್ಲವ್ವ. ನೀನೋಗಿ ಯೋಳು. ಓದ್ದೋಳ್ ಮಾತು ಕೇಳ್ತಾರೆ."

ಮರುದಿನವೇ ಚಂದಾಪುರದ ಬಸ್ಸು ಹತ್ತಿದೆ. ಹಿತ್ತಲ ಮೂಲೆಯಲ್ಲಿ, ತಾಯಿಯಿಂದಲೂ ದೂರ, ಕೆಂಪಿ ಒಂಟಿಯಾಗಿ ನಿಂತಿತ್ತು. ಭೇದಿ ಯಾವಾಗಲೋ ನಿಂತಿತ್ತು. ಮಗುವಿನ ಕಾಯಿಲೆ ಇದರಿಂದ ಬಂದದ್ದಲ್ಲ ಎಂದು ನಾದಿನಿಗೆ ಬಿಡಿಸಿ ಹೇಳಿದೆ. ಅವಳು ಹಗ್ಗ ಬಿಚ್ಚಿದ್ದೇ ತಡ, ಕರು ಕೆಚ್ಚಲಿಗೆ ಓಡಿತು.

ಸಂಜೆ ಕಾಡುಗೋಡಿಗೆ ಹೋದರೆ ಮುನಿಯಕ್ಕ ಶರಣಮ್ಮನ ಬಾಗಿಲಲ್ಲಿ ಕೂತಿದ್ದಳು. ತೊಡೆಯ ಮೇಲೆ ಮಗು ನಿದ್ದೆಹೋಗಿತ್ತು. ಪಿಸುಮಾತಿನಲ್ಲಿ ಚಂದಾಪುರದ ಸುದ್ದಿ ಹೇಳಿದೆ. "ನಿನ್ನಿಂದ ಕೆಂಪಿ ಮಾನ ಉಳೀತು ಕಣವ್ವ" ಎಂದು ನನ್ನ ಕೈ ಹಿಡಿದುಕೊಂಡಳು.

ಅದೇ ನಮ್ಮ ಕೊನೆಯ ಭೇಟಿ. ಯೋಜನೆ ಮುಗಿದು ಬೇರೆ ಊರಿಗೆ ಹೋದೆ. ವರ್ಷಗಳ ನಂತರ ಬಂದಾಗ ಆ ಸಾಲೂ ಇರಲಿಲ್ಲ, ಅವಳ ಗುರುತು ಹೇಳುವವರೂ ಇರಲಿಲ್ಲ. ಉತ್ತರ ಒಂದು ವಾರ ನನ್ನ ಮೇಜಿನ ಮೇಲೇ ಬಿದ್ದಿತ್ತು ಎಂದು ಆ ಸಂಜೆ ನಾನು ಅವಳಿಗೆ ಹೇಳಲಿಲ್ಲ.