ನಕ್ಷೆಗೆ ಇಡುವ ಬೊಟ್ಟು

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಏನು ಬಂತು? ತಮ್ಮನ ಹೆಂಡತಿಯ ಮೇಲೆ ನನಗದು ಹತ್ತಿಕೊಂಡದ್ದು ಒಂದು ಹಳೆಯ ನಕ್ಷೆಯಿಂದ.

ಅಪ್ಪ ವಯಸ್ಸಿನಲ್ಲಿದ್ದಾಗ ಸರ್ವೆಯವರ ಸಾಮಾನು ಹೊತ್ತು ಅಂಚೆಟ್ಟಿ ಕಡೆಯ ಬೆಟ್ಟಕಾಡೆಲ್ಲ ತಿರುಗಿದವನು. ಕೆಲಸ ಮುಗಿದಾಗ ಯಾರೋ ಸಾಹೇಬರು ತಮ್ಮ ಹಳೆಯ ನಕ್ಷೆಯೊಂದನ್ನು ಅವನಿಗೇ ಕೊಟ್ಟು ಹೋದರು. ಬೆನ್ನಿಗೆ ಬಟ್ಟೆ ಅಂಟಿಸಿದ್ದು; ಕಾಡಿಗೆ ಹಸಿರು, ಹಳ್ಳಕ್ಕೆ ನೀಲಿ, ಬೆಟ್ಟಗಳಿಗೆ ಸುತ್ತುಸುತ್ತಿನ ಕಂದು ಗೆರೆ. ನಮ್ಮ ಮನೆದೇವರ ಬೆಟ್ಟವೂ ಅದರಲ್ಲಿತ್ತು. ಆಯುಧಪೂಜೆಯ ದಿನ ಮಚ್ಚು, ಕುಡುಗೋಲಿನ ಜೊತೆ ಅಪ್ಪ ಅದನ್ನೂ ಬಿಡಿಸಿಟ್ಟು ಪೂಜೆ ಮಾಡುತ್ತಿದ್ದ. ಆ ಬೆಟ್ಟಕ್ಕೆ ಕುಂಕುಮದ ಬೊಟ್ಟಿಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಮದುವೆಯಾಗಿ ಮತ್ತಿಗಿರಿಗೆ ಬಂದ ಮೇಲೂ ಆ ದಿನ ರಾಯಕೋಟೆ ಬಸ್ಸು ಹತ್ತುವುದನ್ನು ನಾನು ಬಿಟ್ಟಿಲ್ಲ. ತವರಿನಲ್ಲಿ ನನ್ನದು ಅಂತ ಉಳಿದಿದ್ದು ಅದೊಂದೇ.

ಹೋದ ವರ್ಷ ಹೋಗಿ ನೋಡಿದರೆ, ಗುಮ್ಮಳಾಪುರದಿಂದ ಹೊಸದಾಗಿ ಬಂದ ಸೊಸೆ ನಕ್ಷೆಯ ಮುಂದೆ ಕೂತಿದ್ದಾಳೆ! “ಇಲ್ಲಿಕ್ಕವ್ವ,” ಎಂದು ಅಪ್ಪ ತೋರಿಸುತ್ತಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಅದು ನನ್ ಕೆಲ್ಸ ಕಣಪ್ಪಾ. ನಾನೇನು ಸತ್ತೋದ್ನಾ?”

“ಬುಡ್ತು ಅನ್ನು! ಬಸ್ಸು ತಡ ಆಯ್ತೇನೋ ಅಂದ್ಕಂಡೆ. ಅಲ್ದೆ ನೀನು ಇಕ್ಕಿ ಇಕ್ಕಿ ಬೆಟ್ಟಾನೇ ಮುಚ್ಚೋಯ್ತು ನೋಡು. ಅದ್ಕೇ ಈ ಸಲ ಹಳ್ಳದ ತಾವ ಇಕ್ಕುಸ್ತಿದೀನಿ,” ಎಂದು ಅಪ್ಪ ನಕ್ಕ.

ನಿಜವೇ. ಬೆಟ್ಟವಿದ್ದ ಕಡೆ ಕುಂಕುಮ, ಎಣ್ಣೆ ಸೇರಿ ಗಟ್ಟಿಯಾಗಿತ್ತು. ಹೆಸರಿಲ್ಲ, ಗೆರೆಯಿಲ್ಲ. ಮುಚ್ಚಿದರೆ ಮುಚ್ಚಲಿ ಅಂದುಕೊಂಡೆ. ಅಷ್ಟೂ ನನ್ನ ಬೆರಳಿನದು, ಇವಳದೇನಿದೆ ಅಲ್ಲಿ?

ಅವಳು ತಲೆಯೆತ್ತಿ ಕೇಳಿದಳು: “ಈ ಕುಂಕುಮದ ಕೆಳ್ಗೆ ಏನ್ ಬರ್ದಿತ್ತಕ್ಕಾ? ಬೆಟ್ಟದ ಗುಡಿಗೆ ದಾರಿ ಯಾವ ಕಡೆಯಿಂದ ತೋರ್ಸಿದ್ರು?”

ಜಂಬದಿಂದ ಬಾಯಿ ತೆರೆದೆ. ಆಗ ಹೊಳೆಯಿತು: ಇಷ್ಟು ವರ್ಷ ಬೊಟ್ಟಿಟ್ಟೆನೇ ಹೊರತು, ಅಲ್ಲೇನಿದೆ ಅಂತ ಒಂದು ದಿನವೂ ಬಗ್ಗಿ ಓದಿದವಳಲ್ಲ ನಾನು.

ಅವಳು ನಗಲಿಲ್ಲ, ಕೊಂಕು ಮಾತಾಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು. ಕುಂಕುಮದ ಬಟ್ಟಲನ್ನು ನನ್ನ ಕಡೆ ಸರಿಸಿದಳು. “ನೀವೇ ಇಕ್ಕಿ ಅಕ್ಕಾ. ಅಷ್ಟು ದೂರದಿಂದ ಬಂದಿದೀರ,” ಅಂದಳು, ನೆಂಟರಿಗೆ ಹೇಳುವ ಹಾಗೆ.

ಇಟ್ಟೆ. ನನ್ನ ತವರಿನಲ್ಲಿ, ಅವಳು ಇಡಿ ಅಂದದ್ದಕ್ಕೆ ಇಟ್ಟೆ.