ಹಾಲಮ್ಮನ ಪ್ಯಾಸೆಂಜರ್ ಗಾಡಿ

ರೈಲು ಬೇಕು ಅಂತ ಅರ್ಜಿ ಕೊಡಲು ಕಳೆದ ಸೋಮವಾರ ನಾವು ಹೋಗಿದ್ದು ಬಾಡಿಗೆ ಕಾರಿನಲ್ಲಿ. (ನಗಬೇಡಿ. ರೈಲಿದ್ದಿದ್ದರೆ ಅರ್ಜಿ ಯಾಕೆ ಬೇಕಿತ್ತು?)

ನಾವು ಅಂದರೆ ರೈಲು ಹೋರಾಟ ಸಮಿತಿಯ ಮೂವರು, ಜೊತೆಗೆ ಸೊಪ್ಪು ಮಾರುವ ಹಾಲಮ್ಮ. ನಮ್ಮ ಪುಟ್ಟ ಹಾಲ್ಟ್ ಸ್ಟೇಷನ್ನಿಗೆ ಬೆಳಗ್ಗೆ ಬರುತ್ತಿದ್ದ ಪ್ಯಾಸೆಂಜರ್ ಗಾಡಿ ಕೊರೋನಾದಲ್ಲಿ ನಿಂತಿದ್ದು, ಮತ್ತೆ ಬರಲೇ ಇಲ್ಲ.

ನಾನು ರಿಟೈರಾದ ಮೇಷ್ಟ್ರು, ಹೇಗೋ ಓಡಾಡುತ್ತೇನೆ. ಹಾಲಮ್ಮನ ಗತಿ? ಎರಡು ಬುಟ್ಟಿ ಸೊಪ್ಪು ಕಂಡರೆ ಬಸ್ಸಿನ ಕಂಡಕ್ಟರ್ "ಹಿಂದಿನ ಬಸ್ಸಿಗೆ ಬಾರಮ್ಮ" ಅಂತಾನೆ. ಹಿಂದಿನ ಬಸ್ಸಿನವನೂ ಅದನ್ನೇ ಅಂತಾನೆ. ಮಧ್ಯಾಹ್ನ ಪೇಟೆ ಮುಟ್ಟುವ ಬಾಡಿದ ಸೊಪ್ಪು ಯಾರಿಗೆ ಬೇಕು? ಈಗ ಅವಳು ವಾರಕ್ಕೆ ಎರಡು ದಿನ ವ್ಯಾಪಾರಕ್ಕೆ ಹೋದರೆ ಹೆಚ್ಚು.

ಅದಕ್ಕೇ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸುತ್ತಿ ಸಹಿ ಸಂಗ್ರಹಿಸಿದ್ದೆವು. ಹೊನ್ನಾಳಿಯಲ್ಲಿ ಒಬ್ಬರು, "ನಮ್ಮೂರಿಗಂತೂ ರೈಲಿಲ್ಲ, ನಿಮಗಾದ್ರೂ ಬರ್ಲಿ ತಗಳ್ರಿ" ಅಂತ ಮನೆಮಂದಿಯದೆಲ್ಲ ಸಹಿ ಹಾಕಿಸಿಕೊಟ್ಟರು.

ರೈಲ್ವೆ ಕಚೇರಿಯ ಅಧಿಕಾರಿ ಮರ್ಯಾದಸ್ಥರು. ಟೀ ತರಿಸಿದರು. ಸಹಿಗಳ ಕಟ್ಟನ್ನು ತಿರುವಿ ಹಾಕಿದರು. ಆಮೇಲೆ ಕಂಪ್ಯೂಟರ್ ನೋಡಿ, "ಗಾಡಿ ಓಡ್ತಿದ್ದಾಗ ನಿಮ್ಮ ಹಾಲ್ಟ್‌ನಲ್ಲಿ ಸೇಲಾಗಿದ್ದು ದಿನಕ್ಕೆ ಮೂರು ಟಿಕೆಟ್. ಮೂರು ಜನಕ್ಕೆ ರೈಲು ಹೇಗೆ ಬಿಡೋದು ಸಾರ್?" ಅಂದರು.

ಆ ಗಾಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೆ ಟಿಕೆಟ್? ಚೆಕ್ ಮಾಡುವವರು ಹತ್ತಿದರೆ ಹಿಂದಿನ ಸ್ಟೇಷನ್ನಿಂದಲೇ ಯಾರಾದರೂ ಫೋನ್ ಮಾಡುತ್ತಿದ್ದರು. ಅವತ್ತೊಂದು ದಿನ ಕೌಂಟರ್ ಮುಂದೆ ಕ್ಯೂ! ಮಿಕ್ಕ ದಿನ "ನಮ್ದೇ ಗಾಡಿ" ಅಂತ ಹತ್ತುತ್ತಿದ್ದೆವು. ಮಕ್ಕಳಿಗೆ ಪೌರನೀತಿ ಪಾಠ ಮಾಡುತ್ತಿದ್ದ ನಾನೂ ಹತ್ತುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತಿದೆ.

ಧರಣಿ ಕೂತಾಗ ಎಷ್ಟು ಧಿಕ್ಕಾರ ಕೂಗಿದ್ದೆವು! ಇನ್ನು ಯಾರಿಗೆ ಕೂಗುವುದು? ಗಾಡಿ ಬರುತ್ತದೆಂಬ ಆಸೆ ನನಗಂತೂ ಉಳಿದಿಲ್ಲ.

ವಾಪಸ್ ಬರುವಾಗ ತ್ಯಾವಣಿಗೆ ದಾಟಿದ ಮೇಲೆ ಹಿಂದಿನ ಸೀಟಿನಿಂದ ಹಾಲಮ್ಮ ಕೇಳಿದಳು:

"ಆ ಮೂರು ಟಿಕೆಟ್‌ನಾಗೆ ಒಂದು ನಂದೇ ಐತ್ರಿ ಮೇಷ್ಟ್ರೇ. ದಿನಾ ತಗಂತಿದ್ದೆ. ನನ್ನ ಗಾಡಿ ಯಾಕ್ರಿ ನಿಲ್ಲಿಸಿದ್ರಿ?"